ಹೊಂಗೆ ಬೀಜದಿಂದ ಬಯೋಡೀಸೆಲ್: ಹೊಸನಗರದ ಕಡೆ ಸಣ್ಣ ಘಟಕ ಹಾಕಿದರೆ ನಡೆಯುತ್ತದಾ?

ಶರಾವತಿ_ಕಣಿವೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲೂಕಿನ ಒಂದು ಸಹಕಾರ ಸಂಘದ ಪರವಾಗಿ ಕೇಳ್ತಾ ಇದ್ದೇನೆ. ಸದಸ್ಯರು ಮುನ್ನೂರು ಚಿಲ್ಲರೆ, ಬಹುಪಾಲು ಅಡಿಕೆ ತೋಟದವರು, ಜೊತೆಗೆ ಅಷ್ಟಿಷ್ಟು ಗದ್ದೆ. ಅಡಿಕೆ ಸುಗ್ಗಿ ಮುಗಿದ ಮೇಲೆ ಸಂಘದ ಗೋದಾಮು ಖಾಲಿ ಬಿದ್ದಿರುತ್ತದೆ, ತ್ರೀ ಫೇಸ್ ಕರೆಂಟೂ ಇದೆ. ಅಲ್ಲಿ ಹೊಂಗೆ ಬಯೋಡೀಸೆಲ್ ಘಟಕ ಹಾಕುವ ಮಾತು ನಡೀತಿದೆ. ಗಂಟೆಗೆ 50 ಕಿಲೋ ಬೀಜ ತೆಗೆದುಕೊಳ್ಳುವ ಎಕ್ಸ್‌ಪೆಲ್ಲರ್ (ಬೀಜ ಹಿಂಡಿ ಎಣ್ಣೆ ತೆಗೆಯುವ ಯಂತ್ರ) ಒಂದು, ಒಂದು ಸಲಕ್ಕೆ 100 ಲೀಟರ್ ಎಣ್ಣೆಯನ್ನು ಬಯೋಡೀಸೆಲ್ ಮಾಡುವ ರಿಯಾಕ್ಟರ್ ಒಂದು. ಬಂದ ಬಯೋಡೀಸೆಲ್ ಸದಸ್ಯರ ಪವರ್ ಟಿಲ್ಲರ್, ಡೀಸೆಲ್ ಪಂಪ್‌ಸೆಟ್, ಕಳೆ ಕೊಚ್ಚುವ ಮಿಷನ್‌ಗೆ ಅಂತ ಯೋಚನೆ.

ಕೇಳಬೇಕಾದ್ದು ಮೂರು. ಇಷ್ಟು ಯಂತ್ರಕ್ಕೆ ಎಷ್ಟು ಮರ ಬೇಕು? ಈ ಮಳೆಯ ಊರಲ್ಲಿ ಬೀಜ ಕೆಡದ ಹಾಗೆ ಇಡುವುದು ಹೇಗೆ? ರಿಯಾಕ್ಟರ್ ಕೆಲಸವನ್ನು ಪಿಯುಸಿ ಓದಿದ ಹುಡುಗರ ಕೈಯಲ್ಲಿ ಮಾಡಿಸಬಹುದಾ? ಗೊತ್ತಿದ್ದವರು ಅಂಕಿ ಸಮೇತ ಹೇಳಿ. "ಒಳ್ಳೇ ಯೋಜನೆ, ಮುಂದುವರಿಸಿ" ಅನ್ನುವ ಉತ್ತರ ಈಗಾಗಲೇ ಬೇಕಾದಷ್ಟು ಸಿಕ್ಕಿದೆ.

ಗಾಣದ_ಮೂಲೆ:

ಮರದ ಲೆಕ್ಕ ಮೊದಲು. ಎಕ್ಸ್‌ಪೆಲ್ಲರಿನಲ್ಲಿ 1 ಲೀಟರ್ ಎಣ್ಣೆಗೆ ಸುಮಾರು 4 ಕಿಲೋ ಬೀಜ ಹಿಡಿಯಿರಿ. ಬೀಜದೊಳಗೆ ಶೇ. 30ಕ್ಕೂ ಮೇಲೆ ಎಣ್ಣೆ ಇರಬಹುದು, ಆದರೆ ಸಣ್ಣ ಯಂತ್ರದಲ್ಲಿ ಅದಷ್ಟೂ ಬರುವುದಿಲ್ಲ, ಶೇ. 8-10 ಹಿಂಡಿಯಲ್ಲೇ ಉಳಿಯುತ್ತದೆ. ಗಂಟೆಗೆ 50 ಕಿಲೋ, ದಿನಕ್ಕೆ 6 ಗಂಟೆ ಅಂದರೆ 300 ಕಿಲೋ ಬೀಜ, 75 ಲೀಟರ್ ಎಣ್ಣೆ. ವರ್ಷಕ್ಕೆ 100 ದಿನ ಓಡಿಸಿದರೆ 30 ಟನ್ ಬೀಜ. ಕಾಯಿಯಲ್ಲಿ ಬೀಜದ ತೂಕ ಹೆಚ್ಚು ಕಡಿಮೆ ಅರ್ಧ, ಹಾಗಾಗಿ 60 ಟನ್ ಒಣ ಕಾಯಿ. ಬೆಳೆದ ಮರಕ್ಕೆ 20 ಕಿಲೋ ಕಾಯಿ ಅಂದುಕೊಂಡರೂ 3,000 ಮರ. ಮರದಿಂದ ಮರಕ್ಕೆ ಇಳುವರಿ ಅಜಗಜಾಂತರ. ಒಂದು ಮರ 10 ಕಿಲೋ ಕೊಟ್ಟರೆ ಪಕ್ಕದ್ದು 50 ಕೊಡುತ್ತದೆ, ಬೀಜದಿಂದ ಎದ್ದ ಮರಗಳ ಹಣೆಬರಹವೇ ಅದು.

ಹೊಸನಗರದಂಥ ಗಟ್ಟಿ ಮಳೆಯ ಕಡೆ 3,000 ಹೊಂಗೆ ಮರ ಒಟ್ಟಿಗೆ ಸಿಗುವುದು ಕಷ್ಟ. ಹೊಂಗೆ ಇರುವುದು ಹೊಳೆ ದಂಡೆ, ರಸ್ತೆ ಬದಿ, ಗದ್ದೆ ಅಂಚಿನಲ್ಲಿ. ಶಿಕಾರಿಪುರ, ಭದ್ರಾವತಿ, ಆಚೆ ಚನ್ನಗಿರಿ ಕಡೆಯ ಅರೆಮಲೆನಾಡಿನಲ್ಲಿ ಹೆಚ್ಚು. ಅಲ್ಲಿಂದ ಬೀಜ ತರಿಸುವುದಾದರೆ ಲಾರಿ ಬಾಡಿಗೆ ನಿಮ್ಮ ಲೆಕ್ಕಕ್ಕೆ ಸೇರಬೇಕು. ಕಾಯಿ ತರಬೇಡಿ, ಅಲ್ಲೇ ಬಿಡಿಸಿ ಬೀಜ ತನ್ನಿ, ಇಲ್ಲದಿದ್ದರೆ ಅರ್ಧ ಲಾರಿ ಸಿಪ್ಪೆಗೆ ಬಾಡಿಗೆ ಕೊಟ್ಟ ಹಾಗೆ. ಸೊಪ್ಪಿನಬೆಟ್ಟ, ಕಾನು, ಹಾಡಿಯಂಥ ಕಾಡು ಜಾಗದಲ್ಲಿ ಆರಿಸುವ ಮೊದಲು ಅರಣ್ಯ ಇಲಾಖೆಯನ್ನೂ ಗ್ರಾಮ ಅರಣ್ಯ ಸಮಿತಿಯನ್ನೂ ಕೇಳಿ. ಹೊಸದಾಗಿ ನೆಡುವುದಾದರೆ ಕಸಿ ಗಿಡ ನೆಡಿ. ಬೀಜದ ಸಸಿ ಫಲಕ್ಕೆ ಬರಲು 5-7 ವರ್ಷ, ಕಸಿ 3-4 ವರ್ಷಕ್ಕೆ ಶುರುವಾಗುತ್ತದೆ, ತಾಯಿಮರದ ಗುಣವೂ ಉಳಿಯುತ್ತದೆ.

ಈಗ ಒಣಗಿಸುವ ವಿಷಯ. ಮಲೆನಾಡಿನಲ್ಲಿ ಈ ಉದ್ಯೋಗ ಉಳಿಯುವುದೂ ಮುಳುಗುವುದೂ ಇಲ್ಲೇ. ಕಾಯಿ ಬಲಿಯುವುದು ಬೇಸಿಗೆಯಲ್ಲಿ, ಹೊಸ ಚಿಗುರು ಹೂವು ಬರುವ ಹೊತ್ತಿಗೆ ಹಳೇ ಕಾಯಿ ಮರದಲ್ಲೇ ಒಣಗಿ ನಿಂತಿರುತ್ತದೆ. ದೋಟಿಯಲ್ಲಿ ಬಡಿದು ಟಾರ್ಪಲ್ ಮೇಲೆ ಉದುರಿಸಿಕೊಳ್ಳಿ. ನೆಲಕ್ಕೆ ಬಿದ್ದು ಒಂದು ಮಳೆ ತಿಂದ ಕಾಯಿ ಬೇರೆ ರಾಶಿಗೆ ಹೋಗಬೇಕು, ಒಳ್ಳೆಯದರ ಜೊತೆ ಬೆರೆಸಿದರೆ ಇಡೀ ಲಾಟ್ ಹಾಳು. ಅಡಿಕೆ ಒಣಗಿಸುವ ಅಂಗಳದಲ್ಲೇ ನಾಲ್ಕೈದು ಬಿಸಿಲು ಕೊಡಿ. ಬೀಜದ ತೇವ ಶೇ. 8ಕ್ಕೆ ಇಳಿದಿರಬೇಕು. ಮೀಟರ್ ಇಲ್ಲದಿದ್ದರೆ ಬೀಜ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಟಕ್ಕೆಂದು ಹೋಳಾದರೆ ಸರಿ, ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೂ ಹಸಿ.

ಮೇ ಕೊನೆಯೊಳಗೆ ಒಣಗಿದ್ದು ಗೋದಾಮಿನೊಳಗೆ, ಮರದ ಹಲಗೆ ಮೇಲೆ, ಗೋಡೆಯಿಂದ ಅಡಿ ದೂರದಲ್ಲಿ ಇರಬೇಕು. ಜೂನ್ ನಂತರ ಗಾಳಿಯಲ್ಲಿರುವ ತೇವವನ್ನೇ ಬೀಜ ಹೀರಿಕೊಳ್ಳುತ್ತದೆ. ಆದ್ದರಿಂದ ಮಳೆಗಾಲಕ್ಕೆ ಉಳಿಸುವ ದಾಸ್ತಾನನ್ನು ಬಿಡಿಸದೆ ಕಾಯಿಯಾಗಿಯೇ ಇಡಿ, ಆ ದಪ್ಪ ಸಿಪ್ಪೆಗಿಂತ ಒಳ್ಳೆಯ ಚೀಲ ಇಲ್ಲ. ಅದಕ್ಕಿಂತ ಜಾಣತನ ಅಂದರೆ ಏಪ್ರಿಲ್, ಮೇನಲ್ಲಿ ದಿನಕ್ಕೆ ಎರಡು ಪಾಳಿ ಓಡಿಸಿ ಅರೆದು ಮುಗಿಸಿ ಎಣ್ಣೆ ದಾಸ್ತಾನು ಮಾಡುವುದು. ಸೋಸಿ ತಿಳಿಯಾದ ಎಣ್ಣೆ, ಮುಚ್ಚಿದ ತುಂಬಿದ ಡ್ರಮ್ಮಿನಲ್ಲಿ, ಹಸಿ ಬೀಜಕ್ಕಿಂತ ಎಷ್ಟೋ ಚೆನ್ನಾಗಿ ಇರುತ್ತದೆ. ಮಡ್ಡಿ ಸಮೇತ ಮಾತ್ರ ಇಡಬೇಡಿ.

ಎಕ್ಸ್‌ಪೆಲ್ಲರ್ ಹಾಪರಿನ ಬಾಯಿಗೆ ಮ್ಯಾಗ್ನೆಟ್ ಕೂರಿಸಿ. ಆರಿಸಿ ತಂದ ಬೀಜದಲ್ಲಿ ಮೊಳೆ, ಕಲ್ಲು ಇದ್ದೇ ಇರುತ್ತದೆ, ಒಂದು ಮೊಳೆ ಸಾಕು ಸ್ಕ್ರೂ ಹಲ್ಲು ಹಾರಿಸಲು. ಬೀಜ ಹಸಿಯಾಗಿದ್ದರೆ ಸರಳುಗಳ ಸಂದಿಯಲ್ಲಿ ಎಣ್ಣೆ ಬದಲು ಹಿಟ್ಟಿನಂಥ ಲೇಹ್ಯ ಹೊರಬರುತ್ತದೆ. ತೀರಾ ಒಣಗಿದ್ದರೆ ಹಿಂಡಿ ಪುಡಿಪುಡಿಯಾಗಿ, ಯಂತ್ರ ಬಿಸಿಯಾಗಿ, ಎಣ್ಣೆ ಕಪ್ಪಾಗುತ್ತದೆ.

ಬ್ಯೂರೆಟ್:

ಮೇಲಿನವರು ಹೇಳಿದ ಒಣಗಿಸುವ ಮಾತಿಗೆ ರಸಾಯನಶಾಸ್ತ್ರದ ಕಡೆಯಿಂದ ಕಾರಣ ಹೇಳ್ತೇನೆ. ಬೀಜಕ್ಕೆ ತೇವ ತಗುಲಿದರೆ ಎಣ್ಣೆ ಒಡೆದು ಬಿಡಿ ಕೊಬ್ಬಿನಾಮ್ಲ, ಎಲ್ಲರೂ ಎಫ್‌ಎಫ್‌ಎ ಅನ್ನುವುದು, ಏರುತ್ತದೆ. ಅದು ಶೇ. 2 ದಾಟಿದ ಎಣ್ಣೆಗೆ ನೇರವಾಗಿ ಕಾಸ್ಟಿಕ್ ಸೋಡಾ ಹಾಕಿದರೆ ಬಯೋಡೀಸೆಲ್ ಬದಲು ಸಾಬೂನು. ಒಮ್ಮೆ ಸಾಬೂನಾದರೆ ಬಯೋಡೀಸೆಲ್ ಜೊತೆ ಹುಟ್ಟುವ ಗ್ಲಿಸರಿನ್ ಬೇರೆಯಾಗುವುದಿಲ್ಲ, ಇಡೀ ಬ್ಯಾಚು ಗಂಜಿ.

ಅದಕ್ಕೇ ಪ್ರತಿ ಡ್ರಮ್ಮಿಗೂ ಟೈಟ್ರೇಷನ್, ಅಂದರೆ ಕ್ಷಾರ ಹನಿಸಿ ಎಣ್ಣೆಯ ಆಮ್ಲ ಅಳೆಯುವ ಪರೀಕ್ಷೆ. 1 ಎಂಎಲ್ ಎಣ್ಣೆ, 10 ಎಂಎಲ್ ಐಸೋಪ್ರೊಪೈಲ್ ಆಲ್ಕೋಹಾಲ್, ಎರಡು ಮೂರು ಹನಿ ಫಿನಾಲ್ಫ್ತಲೀನ್ (ಬಣ್ಣದ ಸೂಚಕ). ಬ್ಯೂರೆಟ್ಟಿನಲ್ಲಿ (ಅಳತೆ ಗುರುತಿನ ನಲ್ಲಿ ಕೊಳವೆ) 1 ಲೀಟರ್ ಡಿಸ್ಟಿಲ್ಡ್ ವಾಟರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ದ್ರಾವಣ. ಹನಿಹನಿಯಾಗಿ ಬಿಡುತ್ತಾ ಅಲ್ಲಾಡಿಸಿ. ತಿಳಿ ಗುಲಾಬಿ ಬಣ್ಣ ಬಂದು 15 ಸೆಕೆಂಡ್ ನಿಂತರೆ ಅಲ್ಲಿಗೆ ನಿಲ್ಲಿಸಿ. ಖರ್ಚಾದ ಪ್ರತಿ ಎಂಎಲ್‌ಗೆ ಎಫ್‌ಎಫ್‌ಎ ಹೆಚ್ಚುಕಡಿಮೆ ಶೇ. 0.77. ಅಂದರೆ 2.5 ಎಂಎಲ್ ಒಳಗೆ ಬಂದರೆ ಒಂದೇ ಹಂತದಲ್ಲಿ ಮುಗಿಸಬಹುದು, ಹೆಚ್ಚಾದರೆ ಮೊದಲು ಆ್ಯಸಿಡ್ ಹಂತ.

ಒಂದೇ ಹಂತದ್ದು, 100 ಲೀಟರ್ ಎಣ್ಣೆಗೆ: ಎಣ್ಣೆಯನ್ನು 110 ಡಿಗ್ರಿಗೆ ಕಾಯಿಸಿ ನೀರಿನಂಶ ಪೂರ್ತಿ ಹಾರಿಸಿ, ಆಮೇಲೆ 55ಕ್ಕೆ ತಣಿಸಿ. 20 ಲೀಟರ್ ಮೆಥನಾಲಿನಲ್ಲಿ ಕಾಸ್ಟಿಕ್ ಸೋಡಾ ಬೇರೆಯಾಗಿ ಕರಗಿಸಿಕೊಳ್ಳಿ. ಲೀಟರ್ ಎಣ್ಣೆಗೆ ಮೂಲ ಪ್ರಮಾಣ 3.5 ಗ್ರಾಂ, ಜೊತೆಗೆ ಟೈಟ್ರೇಷನ್ನಿನಲ್ಲಿ ಎಷ್ಟು ಎಂಎಲ್ ಬಂತೋ ಅಷ್ಟು ಗ್ರಾಂ. 2 ಎಂಎಲ್ ಬಂದಿದ್ದರೆ 5.5 ಗ್ರಾಂ, ನೂರು ಲೀಟರಿಗೆ 550 ಗ್ರಾಂ. ಇದನ್ನು ಎಣ್ಣೆಗೆ ಬಿಟ್ಟು 60 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಕಲಕಿ. ಮೆಥನಾಲ್ 64.7 ಡಿಗ್ರಿಗೆ ಕುದಿಯುತ್ತದೆ, ಹಾಗಾಗಿ ಮುಚ್ಚಿದ ಪಾತ್ರೆ, ಮೇಲೆ ಆವಿ ತಣಿಸಿ ವಾಪಸ್ ಇಳಿಸುವ ಕಂಡೆನ್ಸರ್ ಕಡ್ಡಾಯ. ಎಂಟು ಗಂಟೆ ನಿಲ್ಲಿಸಿದರೆ ಕೆಳಗೆ ಬೆಲ್ಲದ ಪಾಕದ ಬಣ್ಣದ ಗ್ಲಿಸರಿನ್, ಮೇಲೆ ಬಯೋಡೀಸೆಲ್.

ಎಫ್‌ಎಫ್‌ಎ ಹೆಚ್ಚಿದ್ದ ಎಣ್ಣೆಗೆ ಇದಕ್ಕೂ ಮೊದಲು 15-20 ಲೀಟರ್ ಮೆಥನಾಲ್ ಮತ್ತು ಅರ್ಧದಿಂದ ಒಂದು ಲೀಟರ್ ಸಾಂದ್ರ ಸಲ್ಫ್ಯೂರಿಕ್ ಆ್ಯಸಿಡ್ ಹಾಕಿ 60 ಡಿಗ್ರಿಯಲ್ಲಿ ಎರಡು ಗಂಟೆ ಕಲಕಬೇಕು. ನಿಂತ ಮೇಲೆ ಬೇರೆಯಾದ ಮೆಥನಾಲ್-ನೀರಿನ ಪದರ ತೆಗೆದು, ಎಣ್ಣೆಗೆ ಮತ್ತೆ ಟೈಟ್ರೇಷನ್. ಮೆಥನಾಲ್ ಖರ್ಚು ದುಪ್ಪಟ್ಟು, ಸಮಯವೂ ದುಪ್ಪಟ್ಟು.

ಗ್ಲಿಸರಿನ್ ತೆಗೆದ ಮೇಲೆ ಬಯೋಡೀಸೆಲ್ ತೊಳೆಯುವಾಗ ಅವಸರ ಬೇಡ. ಮೊದಲ ನೀರನ್ನು ಜೋರಾಗಿ ಕಲಕಿದರೆ ಮಜ್ಜಿಗೆಯಾಗಿ ಕೂರುತ್ತದೆ. ಬೆಚ್ಚಗಿನ ನೀರನ್ನು ಮೇಲಿಂದ ಸೋನೆ ಮಳೆಯ ಹಾಗೆ ಬಿಡಿ, ಕೆಳಗಿನದನ್ನು ಹೊರಬಿಡಿ, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ. ಮತ್ತೆ ಕಾಯಿಸಿ ನೀರು ತೆಗೆಯಿರಿ. ತೊಳೆದ ನೀರಿನಲ್ಲಿ ಮೆಥನಾಲ್, ಕ್ಷಾರ, ಸಾಬೂನು ಇರುತ್ತದೆ. ಅದು ಹಳ್ಳಕ್ಕಾಗಲಿ ತೋಟದ ಬಸಿಗಾಲುವೆಗಾಗಲಿ ಹೋಗಬಾರದು.

ಸರಿಯಾಗಿದೆಯಾ ನೋಡಲು ಅಗ್ಗದ ಪರೀಕ್ಷೆ ಒಂದಿದೆ: 27 ಎಂಎಲ್ ಮೆಥನಾಲಿಗೆ 3 ಎಂಎಲ್ ಬಯೋಡೀಸೆಲ್ ಹಾಕಿ ಅಲ್ಲಾಡಿಸಿ ಬಿಡಿ. ಪೂರ್ತಿ ಕರಗಿದರೆ ಪಾಸು. ತಳದಲ್ಲಿ ಎಣ್ಣೆಯ ಮಣಿ ಕೂತರೆ ಪರಿವರ್ತನೆ ಅರ್ಧಂಬರ್ಧ, ಮತ್ತೆ ರಿಯಾಕ್ಟರಿಗೆ. ಹೊರಗೆ ಮಾರುವುದಾದರೆ ಇದು ಸಾಲದು, ಬಯೋಡೀಸೆಲ್‌ನ ಭಾರತೀಯ ಮಾನಕ ಐಎಸ್ 15607ಕ್ಕೆ ಲ್ಯಾಬಿನ ವರದಿ ಬೇಕು.

ಪಿಯುಸಿ ಹುಡುಗರು ಮಾಡಬಹುದಾ ಅಂದರೆ, ವಿಧಾನ ಕಲಿಸಬಹುದು. ನನಗೆ ಹೆದರಿಕೆ ಮೆಥನಾಲಿನದು. ಅದರ ಬೆಂಕಿ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಚರ್ಮದಿಂದಲೂ ಒಳಗೆ ಹೋಗುತ್ತದೆ, ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಗೋದಾಮಿನಲ್ಲಿ ಗೊಬ್ಬರ, ಅಡಿಕೆ ಚೀಲದ ಪಕ್ಕ ಇಡುವ ವಸ್ತುವಲ್ಲ. ದಾಸ್ತಾನಿನ ಪರವಾನಗಿ ಬಗ್ಗೆ ಜಿಲ್ಲಾಡಳಿತದಲ್ಲಿ ಮೊದಲೇ ಮಾತಾಡಿ.

ಇನ್ನೊಂದು, ಕಳೆ ಕೊಚ್ಚುವ ಮಿಷನ್ ಪೆಟ್ರೋಲಿನದು. ಬಯೋಡೀಸೆಲ್ ಅದಕ್ಕೆ ಹಾಕುವ ಹಾಗೇ ಇಲ್ಲ. ಪಟ್ಟಿಯಿಂದ ತೆಗೆದುಬಿಡಿ.

ಲೆಕ್ಕದ_ಪುಸ್ತಕ:

ವಿಧಾನ ಎಲ್ಲ ಸರಿ. ರಿಯಾಕ್ಟರ್ ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲವಲ್ಲ ಮಾರಾಯ್ರೆ?

ಲೆಕ್ಕ ಹಾಕೋಣ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನದ್ದು ಹಾಕಿಕೊಳ್ಳಿ. ಬೀಜ ಕಿಲೋಗೆ 30 ರೂಪಾಯಿ. 4 ಕಿಲೋಗೆ 120, ಅರೆಯುವ ಖರ್ಚು 12, ಒಟ್ಟು 132. ಸಿಗುವುದು 1 ಲೀಟರ್ ಎಣ್ಣೆ, 3 ಕಿಲೋ ಹಿಂಡಿ. ಹಿಂಡಿ ಕಿಲೋಗೆ 22ರಂತೆ 66 ಕಳೆದರೆ ಎಣ್ಣೆ 66 ರೂಪಾಯಿಗೆ ಬಿತ್ತು. ಮೆಥನಾಲ್, ಸೋಡಾ, ಸೌದೆ, ಕೂಲಿ ಸೇರಿ ಇನ್ನೊಂದು 22. ತೊಳೆತದಲ್ಲಿ, ಮಡ್ಡಿಯಲ್ಲಿ ಹೋದದ್ದು ಬಿಟ್ಟು 920 ಎಂಎಲ್ ಕೈಗೆ ಬಂದರೆ ಲೀಟರಿಗೆ ಸುಮಾರು 95. ಬಂಕಿನ ಡೀಸೆಲ್ 90ರ ಆಸುಪಾಸು ಇರುವಾಗ, ಶಾಖದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆಯ ಇಂಧನಕ್ಕೆ 95 ಕೊಟ್ಟ ಹಾಗಾಯಿತು. ಹಿಂಡಿಗೆ ಬೆಲೆ ಸಿಗದಿದ್ದರೆ ಅದೇ ಲೀಟರ್ 167 ರೂಪಾಯಿ! ಕಟ್ಟಡ, ಯಂತ್ರದ ಸವಕಳಿ, ಸಾಲದ ಬಡ್ಡಿ ಇನ್ನೂ ಹಾಕಿಲ್ಲ.

ಈ ಲೆಕ್ಕದಲ್ಲಿ ಗೆದ್ದಿದ್ದು ಹಿಂಡಿ. ಹೊಂಗೆ ಹಿಂಡಿಯಲ್ಲಿ ಸಾರಜನಕ ಸುಮಾರು ಶೇ. 4. ಅಡಿಕೆ ಮರಕ್ಕೆ ವರ್ಷದ ಶಿಫಾರಸು 100 ಗ್ರಾಂ ಸಾರಜನಕ, 40 ರಂಜಕ, 140 ಪೊಟ್ಯಾಷ್. 2.5 ಕಿಲೋ ಹಿಂಡಿ ಹಾಕಿದರೆ ಸಾರಜನಕ ಅಲ್ಲಿಗೇ ಪೂರ್ತಿ. ಮರಕ್ಕೆ 1 ಕಿಲೋ ಅಂತ ಇಟ್ಟರೂ ಎಕರೆಗೆ 550 ಮರ, 550 ಕಿಲೋ. ನಿಮ್ಮ 30 ಟನ್ ಬೀಜದಿಂದ ಬರುವ 22 ಟನ್ ಚಿಲ್ಲರೆ ಹಿಂಡಿ 40 ಎಕರೆ ತೋಟಕ್ಕೆ ಮುಗಿದುಹೋಗುತ್ತದೆ. ಮುನ್ನೂರು ಸದಸ್ಯರಿರುವ ಸಂಘದಲ್ಲಿ ಅದು ಏನೂ ಅಲ್ಲ, ಹಿಂಡಿಗೆ ಗಿರಾಕಿ ಹುಡುಕುವ ಕೆಲಸವೇ ಇಲ್ಲ. ಎಣ್ಣೆಗೂ ಇಂಧನಕ್ಕಿಂತ ಬೇರೆ ಬೇಡಿಕೆ ಇದೆ: ಸಾಬೂನು ಬೆರೆಸಿ ಸಿಂಪಡಿಸಲು, ಸೋಪು ಮಾಡುವವರಿಗೆ. ಚಿಲ್ಲರೆಯಲ್ಲಿ ಅದು ಡೀಸೆಲ್‌ಗಿಂತ ಹೆಚ್ಚಿಗೇ ಹೋಗುತ್ತದೆ. 66ರ ಎಣ್ಣೆಗೆ 22 ರೂಪಾಯಿ ಸೇರಿಸಿ 90ರ ಡೀಸೆಲ್ ಮಾಡುವ ಬದಲು ಎಣ್ಣೆಯಾಗಿಯೇ ಮಾರಿ. (ಹಿಂಡಿ ದನಕ್ಕೆ ಹಾಕಬೇಡಿ ಅಂತ ಚೀಲದ ಮೇಲೇ ದೊಡ್ಡದಾಗಿ ಬರೆಸಿ, ಕಹಿ ಅಂಶ ಇದೆ.)

ದೇಶದ ಮಟ್ಟದಲ್ಲಿ ಆದದ್ದೂ ಇದೇ ಕತೆ. 2003ರಲ್ಲಿ ಯೋಜನಾ ಆಯೋಗದ ಸಮಿತಿ 1.12 ಕೋಟಿ ಹೆಕ್ಟೇರಿನಲ್ಲಿ ಬಯೋಡೀಸೆಲ್‌ಗಾಗಿ ಜಟ್ರೋಫಾ ಎಂಬ ಎಣ್ಣೆಬೀಜದ ಗಿಡ ಬೆಳೆಯುವ ಮಾತಾಡಿತು. ಬರಡು ಭೂಮಿಯಲ್ಲಿ ನೀರಿಲ್ಲದೆ ಬೆಳೆಯುವ ಗಿಡ ಅಂದರು. ಬೆಳೆಯಿತು, ಆದರೆ ಬೀಜ ಬಿಡಲಿಲ್ಲ. ನೀರು ಗೊಬ್ಬರ ಇಲ್ಲದ ಕಡೆ ಇಳುವರಿಯೂ ಇಲ್ಲ ಅನ್ನುವುದು ಯಾವ ರೈತನಿಗೂ ಹೊಸದಲ್ಲ. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ಕ್ಕೆ ಶೇ. 20 ಮಿಶ್ರಣದ ಗುರಿ ಇಟ್ಟಿತು, 2018ರ ನೀತಿ ಬಯೋಡೀಸೆಲ್ ಗುರಿಯನ್ನು 2030ಕ್ಕೆ ಶೇ. 5ಕ್ಕೆ ಇಳಿಸಿತು. ಇವತ್ತಿಗೂ ಡೀಸೆಲ್‌ನಲ್ಲಿ ಅದರ ಪಾಲು ಶೇ. 1 ಮುಟ್ಟಿಲ್ಲ. ಪೆಟ್ರೋಲಿನಲ್ಲಿ ಎಥನಾಲ್ ಮಾತ್ರ 2025ರಲ್ಲಿ ಶೇ. 20 ತಲುಪಿತು. ವ್ಯತ್ಯಾಸ ಏನು? ಕಬ್ಬಿಗೆ ಕಾರ್ಖಾನೆ ಇತ್ತು, ಎಥನಾಲಿಗೆ ಸರಕಾರ ಕಟ್ಟಿದ ದರ ಇತ್ತು, ಕೊಳ್ಳಲು ತೈಲ ಕಂಪನಿ ಇತ್ತು. ಶಿಕಾರಿಪುರದ ಮೆಕ್ಕೆಜೋಳಕ್ಕೂ ಈಗ ಆ ದಾರಿ ಇದೆ, ಟನ್ನಿಗೆ ಸುಮಾರು 380 ಲೀಟರ್ ಎಥನಾಲ್, 2023-24ರಲ್ಲಿ ಲೀಟರಿಗೆ 71.86 ರೂಪಾಯಿ ದರ. ಹೊಂಗೆಗೆ ಇವ್ಯಾವುದೂ ಇಲ್ಲ.

ಶರಾವತಿ_ಕಣಿವೆ:

ಉಪಕಾರ. ಹಿಂಡಿಯ ಲೆಕ್ಕ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಇನ್ನೆರಡು: ಇಲ್ಲಿ ರಬ್ಬರ್ ತೋಟ ಸುಮಾರಿದೆ, ಅದರ ಬೀಜ ಸುಮ್ಮನೆ ಕೊಳೆಯುತ್ತದೆ. ಮತ್ತೆ ಸುಗ್ಗಿಯಲ್ಲಿ ರಸ್ತೆ ಬದಿಯಲ್ಲಿ ಗುಡ್ಡೆ ಬೀಳುವ ಅಡಿಕೆ ಸಿಪ್ಪೆ. ಅದರಿಂದ ಎಥನಾಲ್ ಆಗುತ್ತದೆ ಅನ್ನುತ್ತಾರಲ್ಲ?

ಕೊಟ್ಟಿಗೆ_ಪಕ್ಕ:

ರಬ್ಬರ್ ಬೀಜ ಉದುರುವುದು ಜುಲೈನಿಂದ ಸೆಪ್ಟೆಂಬರ್. ಸರಿಯಾಗಿ ಜಡಿಮಳೆಯಲ್ಲಿ! ಎರಡು ವಾರ ಒದ್ದೆ ತರಗೆಲೆಯಡಿ ಬಿದ್ದರೆ ಎಫ್‌ಎಫ್‌ಎ ಗಗನಕ್ಕೆ, ಬ್ಯೂರೆಟ್ ಹೇಳಿದ ಆ್ಯಸಿಡ್ ಹಂತ ತಪ್ಪಿದ್ದಲ್ಲ. ಡ್ರೈಯರ್ ಇಲ್ಲದೆ ಮುಟ್ಟಬೇಡಿ. ತಿರುಳಿನಲ್ಲಿ ಸಯನೈಡ್ ಬಿಡುವ ಅಂಶವೂ ಇದೆ.

ಅಡಿಕೆ ಸಿಪ್ಪೆಯಿಂದ ಎಥನಾಲ್ ಆಗುತ್ತದೆ, ಹಳ್ಳಿಯಲ್ಲಿ ಆಗುವುದಿಲ್ಲ. ಅದು ನಾರು. ಮೊದಲು ಆ್ಯಸಿಡ್ ಅಥವಾ ಉಗಿಯಿಂದ ಲಿಗ್ನಿನ್ (ನಾರನ್ನು ಗಟ್ಟಿಯಾಗಿ ಹಿಡಿದಿರುವ ಅಂಶ) ಬಿಡಿಸಬೇಕು, ಕಿಣ್ವ ಹಾಕಿ ಸಕ್ಕರೆ ಮಾಡಬೇಕು, ಆಮೇಲೆ ಹುದುಗು. ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ 2022ರಲ್ಲಿ ಶುರು ಮಾಡಿದ ಭತ್ತದ ಹುಲ್ಲಿನ ಘಟಕಕ್ಕೆ 900 ಕೋಟಿ ರೂಪಾಯಿಗೂ ಮೇಲೆ ಹಿಡಿಯಿತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿಗೆ 3 ಕೋಟಿ ಲೀಟರ್ ಎಥನಾಲ್ ಅದರ ಲೆಕ್ಕ, ಅಂದರೆ ಟನ್ನಿಗೆ 150 ಲೀಟರ್. ಅದೂ ಒಣ ಹುಲ್ಲು. ನಮ್ಮಲ್ಲಿ ಹಸಿ ಅಡಿಕೆ ಸುಲಿಯುವುದರಿಂದ ಸಿಪ್ಪೆಯ ತೂಕದಲ್ಲಿ ಬಹುಪಾಲು ನೀರೇ. ಲಾರಿಯಲ್ಲಿ ನೀರು ಸಾಗಿಸಿದ ಹಾಗೆ.

ಸಿಪ್ಪೆಯನ್ನು ತೆಳ್ಳಗೆ ಹರವಿ, ಎರಡು ದಿನಕ್ಕೊಮ್ಮೆ ಮಗುಚಿ ಒಣಗಿಸಿದರೆ ಅಡಿಕೆ ಬೇಯಿಸುವ ಒಲೆಗೇ ಅದು ಸೌದೆ. ಹಗುರವಾದ್ದರಿಂದ ಭಗ್ಗೆಂದು ಉರಿದು ಮುಗಿಯುತ್ತದೆ, ಹಾಗಾಗಿ ಒಲೆಯ ತಳಕ್ಕೆ ಕಬ್ಬಿಣದ ಜಾಲರಿ, ಕೆಳಗಿಂದ ಗಾಳಿ, ಮೇಲೆ ಹಂಡೆಗೆ ತಾಗಿದ ಹಾಗೆ ಸುತ್ತಿ ಹೋಗುವ ಹೊಗೆದಾರಿ ಬೇಕು. ಬಾಯಿಗೆ ಮುಚ್ಚಳ ಇಡಿ. ಕಾಡಿನ ಕಟ್ಟಿಗೆ ಅಷ್ಟು ಉಳಿಯಿತು.

ಗೋಬರ್ ಗ್ಯಾಸ್ ನೀವು ಕೇಳಿಲ್ಲ, ಆದರೂ ಹೇಳ್ತೇನೆ. ಇಂಧನ ಅಂತ ಮನೆಗೆ ನೇರ ಉಪಯೋಗ ಆಗುವುದು ಅದೇ. 2 ಘನ ಮೀಟರಿನ ಡೋಮಿಗೆ (ಗೋಬರ್ ಗ್ಯಾಸಿನ ಗುಮ್ಮಟಕ್ಕೆ) ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಪುಸ್ತಕದಲ್ಲಿ ನಾಲ್ಕೈದು ದನ ಸಾಕು ಅಂತಿರುತ್ತದೆ, ಅದು ದೊಡ್ಡ ತಳಿಯ ಲೆಕ್ಕ. ಮಲೆನಾಡು ಗಿಡ್ಡ ದಿನಕ್ಕೆ ಹಾಕುವುದು ನಾಲ್ಕೈದು ಕಿಲೋ, ಅದೂ ಮೇಯಲು ಬಿಟ್ಟರೆ ಅರ್ಧ ಗುಡ್ಡದಲ್ಲೇ. ಹತ್ತು ದನ ಇದ್ದರೂ ಡೋಮು ಅರೆಹೊಟ್ಟೆ. ದೊಡ್ಡ ಡೋಮು ಕಟ್ಟಿ ಗ್ಯಾಸ್ ಬರಲ್ಲ ಅನ್ನುವ ದೂರಿಗೆ ಮುಖ್ಯ ಕಾರಣ ಇದು. ಎರಡನೆಯದು ಮಳೆಗಾಲದ ತಂಪು, ಮೂರನೆಯದು ಬಗ್ಗಡದ ಗುಂಡಿಗೆ ಸೂರಿನ ನೀರು ಇಳಿಯುವುದು. ಗುಂಡಿಯ ಸುತ್ತ ಮುಕ್ಕಾಲು ಅಡಿ ಕಟ್ಟೆ, ಮೇಲೊಂದು ಶೀಟು ಹಾಕಿದರೆ ಮೂರನೆಯದು ಮುಗಿಯಿತು.

ಬ್ಯೂರೆಟ್:

ಲೆಕ್ಕದ_ಪುಸ್ತಕ ಅವರ ಮಾತು ಹೊಂಗೆಯ ಮಟ್ಟಿಗೆ ಒಪ್ಪುತ್ತೇನೆ. ಆದರೆ ರಿಯಾಕ್ಟರೇ ದಂಡ ಅನ್ನಬೇಡಿ. ಕಚ್ಚಾವಸ್ತು ಬದಲಾದರೆ ಲೆಕ್ಕ ತಿರುಗುತ್ತದೆ. ಹೋಟೆಲ್, ಬೇಕರಿಯ ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಪದೇಪದೇ ಕಾದು ಎಣ್ಣೆ ಕೆಟ್ಟಾಗ ಹುಟ್ಟುವುದು) ಶೇ. 25 ದಾಟಿದರೆ ಮತ್ತೆ ಬಳಸಬಾರದು ಅಂತ 2018ರಿಂದ ಆಹಾರ ಸುರಕ್ಷತಾ ನಿಯಮವಿದೆ. ಶಿವಮೊಗ್ಗ, ಸಾಗರದಂಥ ಊರಲ್ಲಿ ಅದನ್ನು ಒಟ್ಟುಮಾಡುವವರಿಗೆ ಬೀಜ ಆರಿಸುವ, ಒಣಗಿಸುವ, ಅರೆಯುವ ಮೂರೂ ಖರ್ಚಿಲ್ಲ. ಹೊಸನಗರದ ಗೋದಾಮಿಗೆ ಆ ಎಣ್ಣೆ ತರುವುದು ಮಾತ್ರ ಅರ್ಥವಿಲ್ಲದ ಕೆಲಸ, ಘಟಕ ಪೇಟೆಯಲ್ಲಿರಬೇಕು.

ಹೊಂಗೆ ಎಣ್ಣೆಯನ್ನು ಹಾಗೆಯೇ ಎಂಜಿನ್ನಿಗೆ ಹಾಕುವ ಯೋಚನೆ ಯಾರಿಗಾದರೂ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಹಳ್ಳಿಯ ಜನರೇಟರ್ ಓಡಿಸಿ ತೋರಿಸಿದ್ದರು, ಆಗುವುದೇ ಇಲ್ಲ ಅಂತಲ್ಲ. ಆದರೆ ಡೀಸೆಲ್‌ಗಿಂತ ಅದು ಹತ್ತು ಪಟ್ಟು ಮಂದ. ನಿಧಾನ ತಿರುಗುವ ಹಳೇ ಎಂಜಿನ್ನಿನಲ್ಲಿ, ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಎಣ್ಣೆಗೆ ಬದಲಿಸಿ, ನಿಲ್ಲಿಸುವ ಹತ್ತು ನಿಮಿಷ ಮೊದಲು ಮತ್ತೆ ಡೀಸೆಲ್ ಕೊಟ್ಟರೆ ನಡೆಯುತ್ತದೆ. ಟಿಲ್ಲರಿಗೆ ಬೇಡ, ಇಂಜೆಕ್ಟರ್ ತುದಿಯಲ್ಲಿ ಮಸಿ ಕಟ್ಟುತ್ತದೆ.

ಬಯೋಡೀಸೆಲ್ ಬಳಸುವವರಿಗೆ: ಡೀಸೆಲ್‌ಗೆ ಶೇ. 20ರಷ್ಟು ಬೆರೆಸಿ ಶುರು ಮಾಡಿ. ಹಳೇ ಟ್ಯಾಂಕಿನ ಕೊಳೆಯನ್ನೆಲ್ಲ ಅದು ಕರಗಿಸಿ ತರುವುದರಿಂದ ಮೊದಲ ತಿಂಗಳಲ್ಲೇ ಫಿಲ್ಟರ್ ಕಟ್ಟುತ್ತದೆ. ಜನ ಇಂಧನಕ್ಕೆ ಬೈಯುತ್ತಾರೆ, ತಪ್ಪು ಟ್ಯಾಂಕಿನದು. ಒಂದು ಫಿಲ್ಟರ್ ಜೇಬಿನಲ್ಲಿರಲಿ. ರಬ್ಬರ್ ಪೈಪ್ ಉಬ್ಬಿ ಮೆತ್ತಗಾಗುತ್ತದೆ, ಬಯೋಡೀಸೆಲ್ ತಾಳುವ ವೈಟಾನ್ ಪೈಪಿಗೆ ಬದಲಿಸಿ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಬಿಟ್ಟರೆ ಒಳಗೆ ನೀರು ಕೂತು ಪಾಚಿಯಂಥದ್ದು ಬೆಳೆಯುತ್ತದೆ. ಒಂದೋ ತುಂಬಿಸಿಡಿ, ಇಲ್ಲಾ ಖಾಲಿ ಮಾಡಿ.

ಗಾಣದ_ಮೂಲೆ:

ಹಾಗಾದರೆ ಮೊದಲ ವರ್ಷ ಕೊಳ್ಳಬೇಕಾದ್ದು: ಸಿಪ್ಪೆ ಬಿಡಿಸುವ ಯಂತ್ರ, ಎಕ್ಸ್‌ಪೆಲ್ಲರ್, ಎಣ್ಣೆ ಸೋಸುವ ಒಂದು ಫಿಲ್ಟರ್ ಪ್ರೆಸ್, ತೂಕದ ಯಂತ್ರ, ಟಾರ್ಪಲ್. ಎಕ್ಸ್‌ಪೆಲ್ಲರಿಗೆ ಒಂದು ಜೊತೆ ವರ್ಮ್ (ಒಳಗಿನ ಸ್ಕ್ರೂ) ಮತ್ತು ಸರಳು ಹೆಚ್ಚುವರಿಯಾಗಿ ತರಿಸಿಡಿ, ಮೇ ತಿಂಗಳಲ್ಲಿ ಸವೆದರೆ ಬಿಡಿಭಾಗ ಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ರಿಯಾಕ್ಟರ್ ದುಡ್ಡು ಬ್ಯಾಂಕಿನಲ್ಲೇ ಇರಲಿ. ಯಂತ್ರಕ್ಕೆ ಆರ್ಡರ್ ಹಾಕುವ ಮೊದಲು ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನ ಒಮ್ಮೆ ನೋಡಿ ಬನ್ನಿ, ಕಸಿ ಗಿಡದ ವಿಚಾರಕ್ಕೆ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲೂ ಕೇಳಿ.

ಅದಕ್ಕೂ ಮೊದಲು ಈ ಬೇಸಿಗೆಯಲ್ಲಿ ಒಂದು ಕೆಲಸ: ಸದಸ್ಯರ ಜಮೀನಿನ ಹೊಂಗೆ ಮರಗಳನ್ನು ಎಣಿಸಿ, ಪ್ರತಿ ಊರಿನಲ್ಲಿ ಹತ್ತು ಮರದ ಕಾಯಿ ಬೇರೆ ಬೇರೆಯಾಗಿ ತೂಗಿ, ಮರಕ್ಕೆ ಬಣ್ಣದಲ್ಲಿ ನಂಬರ್ ಹಾಕಿ. 30 ಕಿಲೋ ದಾಟಿದ ಮರ ಯಾವುದು ಅಂತ ಗೊತ್ತಾದರೆ ಕಸಿಗೆ ಕಡ್ಡಿ ಅದರಿಂದಲೇ. ಒಟ್ಟು 10 ಟನ್ ಕಾಯಿಯೂ ಕಾಣದಿದ್ದರೆ ಸ್ವಂತ ಎಕ್ಸ್‌ಪೆಲ್ಲರ್ ಬೇಡ, ಬೀಜ ಒಣಗಿಸಿ ಶಿವಮೊಗ್ಗದ ಕಡೆ ಯಾವುದಾದರೂ ಎಣ್ಣೆ ಮಿಲ್ಲಿನಲ್ಲಿ ಕೂಲಿಗೆ ಅರೆಸಿ, ಹಿಂಡಿ ವಾಪಸ್ ತನ್ನಿ.